ಹುಬ್ಬಿನ ನಡುವೆ ಹುಲಿ ಬೇಟೆ

ಮಗಳು ಪಂಚಶೀಲಾಳನ್ನು ನೋಡಲು ಕೆಂಭಾವಿಯಿಂದ ಭಾನುವಾರ ಗಂಡಿನವರು ಬರುವವರಿದ್ದರು. ಅಷ್ಟರೊಳಗೆ ನನ್ನ ಹುಬ್ಬುಗಳ ನಡುವೆ ಕುಳಿತಿದ್ದ ನರಹುಲಿಯನ್ನು ಬೇಟೆಯಾಡಿಯೇ ತೀರುವೆನೆಂದು ಪಣ ತೊಟ್ಟೆ! ಹೆಸರಿಗೆ ಹುಲಿ, ಗಾತ್ರಕ್ಕೆ ಕಡಲೆಕಾಳು. ಆದರೂ ಕನ್ನಡಿಯಲ್ಲಿ ನನಗಿಂತ ಮೊದಲು ಅದೇ ಕಾಣುತ್ತಿತ್ತು.

“ಅವರು ನೋಡಾಕ ಬರೂದು ಹುಡುಗೀನ್ರಿ, ನಿಮ್ಮನ್ನಲ್ಲ,” ಎಂದಳು ಹೆಂಡತಿ ಯಶೋಧರಾ.

“ಹುಡುಗಿ ಅಪ್ಪ ಅಂದ್ರ ಮನಿ ತಲಬಾಗಲ ಇದ್ದಂಗ! ಬಾಗಲದಾಗ ಮೊಳಿ ಎದ್ದಿರಬಾರದು!” ಎಂದು ಶನಿವಾರ ಸುರಪುರದಿಂದ ಶಹಾಪುರದ ಬಸ್ಸು ಹತ್ತಿದೆ.

ಚರ್ಮದ ಡಾಕ್ಟರು ನರಹುಲಿಯನ್ನು ಹೆಪ್ಪುಗಟ್ಟಿಸಿ ಉದುರಿಸುವ, ಹೊಗೆಯಾಡುವ ದ್ರವ ನೈಟ್ರೋಜನ್ ಹಿಡಿದು ಎಚ್ಚರಿಸಿದರು: “ಗುಳ್ಳಿ ಏಳತದ. ಹಣಿ ಮ್ಯಾಲ ಐತಿ, ಕಣ್ಣೂ ಬಾಯಬಹುದು. ಬಿಳಿ ಕಲಿ ಉಳದರೂ ಉಳೀತು. ಮನ್ಯಾಗ ಕಾರ್ಯಕ್ರಮ ಏನರ ಐತೇನ್ರಿ?”

“ಏನೂ ಇಲ್ಲ, ಹೊಡೀರಿ!” ಎಂದೆ, ಫಿರಂಗಿಗೆ ಅಪ್ಪಣೆ ಕೊಡುವ ದೊರೆಯ ಹಾಗೆ.

‘ಚುಸ್’ ಎಂದಿತು. ತಣ್ಣಗಿನದು ಕೆಂಡದಂತೆ ಸುಟ್ಟಿತು.

ಮರುದಿನ ಎದ್ದರೆ ಜಗತ್ತೇ ಕರಗಿಹೋಗಿತ್ತು! ಹುಲಿಯಿದ್ದಲ್ಲಿ ದ್ರಾಕ್ಷಿಯಂಥ ಗುಳ್ಳೆ. ಅದರ ಕೆಳಗೆ ರೆಪ್ಪೆಗಳೆರಡೂ ಉಬ್ಬಿ, ಕಣ್ಣುಗಳು ಗೀಟಿನಷ್ಟೇ ಉಳಿದಿದ್ದವು. ಆ ಸಂದಿಯಿಂದ ಬೆಳಕು ಹಾಲಿನ ಹಾಗೆ ಸೋರುತ್ತಿತ್ತು. ಗೋಡೆಗಳು ತೇಲುತ್ತಿದ್ದವು. ಅಂಗಳದ ಬೇವಿನ ಮರ ಹಸಿರು ಮೋಡವಾಗಿ ನಿಂತಿತ್ತು. ಆ ಮಂಜಿನೊಳಗಿಂದ ಗುಲಾಬಿ ಸೀರೆಯೊಂದು ಮೆಲ್ಲಗೆ ತೇಲಿ ಬಂತು.

“ಲಗ್ನ ಆದಾಗಿಂದ ನೀ ಇಷ್ಟು ಚಂದ ಕಂಡಿದ್ದಿಲ್ಲ ನೋಡು!” ಎಂದೆ, ಎದೆ ತುಂಬಿ.

“ಅಣ್ಣಾರ, ನಾ ಬಾಜೂ ಮನಿ ಸಾಬೇರಾ ಅದೀನ್ರಿ. ಸಾಣಿಗಿ ಒಯ್ಯಾಕ ಬಂದಿದ್ದೆ!”

ಹಿಂದಿನಿಂದ ಯಶೋಧರಾ ಅಂದಳು: “ಒಯ್ಯಿ ಆಪಾ. ಇವರನ್ನೂ ಒಯ್ಯಿ!”

ಅಷ್ಟರಲ್ಲಿ ಗಂಡಿನವರು ಬಂದೇಬಿಟ್ಟರು. ನನ್ನ ಮುಖ ಕಂಡ ಹುಡುಗನ ತಾಯಿ ಹೊಸ್ತಿಲಲ್ಲೇ ನಿಂತರು. “ಇದು ಅಂಟೂ ಬ್ಯಾನಿ ಏನ್ರಿ?”

ಒಂದು ಕಾಳಿನ ಸಲುವಾಗಿ ಮಗಳ ಸಂಬಂಧ ಮುರಿಯುವುದೆ? ಆದರೆ ಪಂಚಶೀಲಾ ಅಳಲಿಲ್ಲ, ಅಂಜಲಿಲ್ಲ. ಡಾಕ್ಟರಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದಳು.

“ಅಂಟೂ ಬ್ಯಾನಿ ಅಲ್ರಿ, ಥಂಡಿ ಹೊಡದ ಬಾವು. ನಾಕ ದಿನದಾಗ ಇಳೀತದ, ಗುಳ್ಳಿ ಒಡೀಬ್ಯಾಡ್ರಿ. ಕಾರ್ಯಕ್ರಮ ಇಲ್ಲಂತ ಅವರೇ ಅಂದಿದ್ರು!”

ಎಲ್ಲರೂ ನಕ್ಕು ಒಳಗೆ ಬಂದರು. ಚಹಾ, ಚೂಡಾ, ಮಾತು. ನಾನು ಮಾತ್ರ ನನ್ನ ಹಾಲುಮೋಡದಲ್ಲಿ ತೇಲುತ್ತ ಹುಡುಗನನ್ನು ಹುಡುಕಿದೆ. ಅಗೋ, ಮೂಲೆಯಲ್ಲಿ! ಬಿಳಿ ಉಡುಪು, ನೆಟ್ಟನೆಯ ನಿಲುವು. ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟೆ. ಮೆತ್ತಗಿತ್ತು, ಉಂಡುಟ್ಟ ಮನೆತನ!

“ನನ್ನ ಮಗಳು ಭಾಳ ಶಾಣ್ಯಾಕಿ ಅದಾಳಪ. ಸಿಟ್ಟಿಗೆದ್ದಾಗ ಸುಮ್ನಿರು, ನಾನೂ ಹಂಗ ಬಾಳೇವು ಮಾಡೀನಿ,” ಎಂದು ಮನಸ್ಸು ಬಿಚ್ಚಿದೆ. ಎದುರು ಮಾತಿಲ್ಲ! ಎಂಥ ವಿನಯ! ನನ್ನ ಗೀಟುಗಣ್ಣು ತೇವಗೊಂಡಿತು.

ಅವರು ಹೋದ ಮೇಲೆ ಘೋಷಿಸಿದೆ: “ಹುಡುಗ ಬಂಗಾರ! ಎತ್ತರ ಅದಾನ, ಮಾತು ಕಮ್ಮಿ!”

“ಹುಡುಗ ಗಿಡ್ಡ ಅದಾನ್ರಿ, ತಾಯಿ ಬಾಜೂ ಕುಂತಿದ್ದ,” ಎಂದಳು ಯಶೋಧರಾ. “ನೀವು ಹೆಗಲಂತ ಕೈ ಇಟ್ಟಿದ್ದು ಮೂಲ್ಯಾಗ ಬಿಳಿ ಚಾದರದಾಗ ಸುತ್ತಿ ನಿಲ್ಲಿಸಿದ ಹತ್ತಿ ಗಾದಿ!”

ನಾನು ಮೂಲೆಗೆ ಹೋಗಿ ತಡವಿ ನೋಡಿದೆ. “ಹಂಗಾದ್ರ... ಸಂಬಂಧ?”

ಪಂಚಶೀಲಾಳ ದನಿಯಲ್ಲಿ ನಗು ತುಳುಕುತ್ತಿತ್ತು. “ಒಪ್ಯಾರಪ. ಹುಡುಗ ಏನಂದ ಗೊತ್ತೇನು? ‘ಗಾದಿ ಜೋಡಿನೇ ಇಷ್ಟು ಪ್ರೀತಿಲೆ ಮಾತಾಡೂ ಮಾವ, ನಮ್ಮ ಜೋಡಿ ಹ್ಯಾಂಗ ಇರಬೇಕು!’”