ಮನೆ ಖಾಲಿಯಾಗಿದೆಯಾ ನೋಡುವ ಕೆಲಸ

ಅಮೆರಿಕದ ಶಾಮ್‌ಬರ್ಗ್ ಊರಿನ ಒಂದು ಅಪಾರ್ಟ್‌ಮೆಂಟ್ ಆಫೀಸಿನಲ್ಲಿ ನನಗೆ ಕೆಲಸ. ಯಾರಾದರೂ ಮನೆ ಬಿಡುವ ದಿನ ಮ್ಯಾನೇಜರ್ ಜೊತೆ ಹೋಗಿ ಗೋಡೆ, ಒಲೆ, ಬಾತ್‌ರೂಮು ನೋಡಿ ಪಟ್ಟಿಗೆ ಟಿಕ್ ಹಾಕಬೇಕು. ಮ್ಯಾನೇಜರ್ ಅಮೆರಿಕದವಳು, ಬಲು ಕಟ್ಟುನಿಟ್ಟು. ಬಾಡಿಗೆಗೆ ಇರುವವರಲ್ಲಿ ಅರ್ಧ ಜನ ನಮ್ಮ ಬೆಂಗಳೂರು, ಮೈಸೂರಿನವರು. ಹಾಗಾಗಿ ಸುಮ್ಮನೆ ಟಿಕ್ ಹಾಕಿ ಬಂದ ದಿನ ಕಡಿಮೆ.

ಗೋಡೆ

ಮನೆ ಬಿಟ್ಟು ಕ್ಯಾಂಟನ್ ಅನ್ನೋ ಊರಿಗೆ ಹೊರಟಿದ್ದ ಒಬ್ಬ ಇಂಜಿನಿಯರ್‌ಗೆ ಮೊಳೆ ಹೊಡೆದ ತೂತು ಮುಚ್ಚಿಬಿಡಿ ಅಂದಿದ್ದೆ. "ಟೂತ್‌ಪೇಸ್ಟ್ ಹಾಕಿದ್ರೆ ಗೊತ್ತೇ ಆಗಲ್ಲ ಮೇಡಂ, ವಿಡಿಯೋ ನೋಡಿದೀನಿ" ಅಂದರು. ಹೋಗಿ ನೋಡಿದರೆ ಬಿಳಿ ಗೋಡೆ ತುಂಬ ನೀಲಿ ಚುಕ್ಕೆ. ಅವರ ಮನೆಯಲ್ಲಿ ಇದ್ದದ್ದು ಜೆಲ್ ಪೇಸ್ಟು. ಗಾಬರಿಯಲ್ಲಿ ಒದ್ದೆ ಬಟ್ಟೆ ತಂದು ಉಜ್ಜಿದರು, ನೊರೆ ಬಂತು. ಪಕ್ಕದಲ್ಲಿದ್ದ ಹೆಂಡತಿ ತಣ್ಣಗೆ ಹೇಳಿದರು: "ಇನ್ನು ಗೋಡೆಗೆ ಹುಳುಕು ಹಿಡಿಯಲ್ಲ ಬಿಡಿ."

ಓವನ್

ಇನ್ನೊಂದು ಮನೆಯಲ್ಲಿ ಮ್ಯಾನೇಜರ್ ಓವನ್ ತೆಗೆದಳು. ಒಳಗೆ ತವಾ, ಎರಡು ಬಾಣಲೆ, ಹಪ್ಪಳದ ಡಬ್ಬ. ಆ ಮನೆಯಾಕೆ ಗಂಡನ ಕಡೆ ತಿರುಗಿ, "ಟ್ರಕ್ಕಲ್ಲಿ ಬಾಣಲೆ ಇಲ್ಲ ಅಂತ ನಾನು ಬೆಳಗಿಂದ ಬಡ್ಕೋತಾ ಇಲ್ವಾ?" ಅಂದರು. ಮೂರು ವರ್ಷದಲ್ಲಿ ಓವನ್ ಹಚ್ಚೇ ಇಲ್ಲವಾ ಅಂತ ಮ್ಯಾನೇಜರ್ ಕೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಆಕೆ ನನ್ನನ್ನೇ ವಿಚಿತ್ರವಾಗಿ ನೋಡಿದರು. "ಹಚ್ಚಿದ್ರೆ ಪಾತ್ರೆ ಎಲ್ಲಿಡೋದು?"

ಕ್ಲಾಸೆಟ್

ಒಂದು ಮನೆಯಂತೂ ಥಳಥಳ ಅಂತಿತ್ತು. ಮ್ಯಾನೇಜರ್ ಅವತ್ತೇ ಮೊದಲು ನಕ್ಕಿದ್ದು. ಯಜಮಾನರು ಕೊನೆಯ ಪೆಟ್ಟಿಗೆ ಎತ್ತಿಕೊಂಡು ಕಾರಿನ ಹತ್ತಿರ ಹೋದರು. ನಾನು ಬೆಡ್‌ರೂಮಿನ ಕ್ಲಾಸೆಟ್, ಅಂದರೆ ಬಟ್ಟೆ ಇಡುವ ಪುಟ್ಟ ಕೋಣೆಯ ಬಾಗಿಲು ತೆಗೆದೆ. ಒಳಗೆ ಅವರ ತಾಯಿ, ವಯಸ್ಸಾದ ಅಜ್ಜಿ, ಚಾಪೆಯ ಮೇಲೆ ಕೂತು ಜಪ ಮಾಡುತ್ತಿದ್ದರು. ಅಷ್ಟು ದಿನ ಅದೇ ಅವರ ದೇವರಮನೆಯಂತೆ. ಮ್ಯಾನೇಜರ್ ಬೆಚ್ಚಿ ನನ್ನ ತೋಳು ಹಿಡಿದಳು.

ಅಜ್ಜಿ ಕಣ್ಣು ಬಿಟ್ಟು, "ಮನೆ ನೋಡಕ್ಕೆ ಬಂದ್ರಾ?" ಅಂದರು. ನಾನು ಬಾಯಿ ತೆಗೆಯುವ ಮೊದಲೇ, "ನಮ್ಮೋಳ ಥರ ಕಾಣ್ತೀಯ, ಅದಕ್ಕೇ ಹೇಳ್ತೀನಿ ಕಣಮ್ಮ. ಈ ಮನೆ ಬೇಡ. ಮೇಲಿನೋರು ದಬದಬ ಓಡಾಡ್ತಾರೆ. ಬಿಸಿನೀರು ಬಂದ್ರೆ ಬಂತು. ಆಫೀಸಲ್ಲಿ ಒಬ್ಬಳು ಮ್ಯಾನೇಜರ್ ಇದಾಳಂತೆ, ಏನು ಹೇಳಿದ್ರೂ ಬರೀ ತಲೆ ಆಡಿಸ್ತಾಳಂತೆ" ಅಂದರು.

ಮ್ಯಾನೇಜರ್ ತಲೆ ಆಡಿಸುತ್ತಲೇ, ಏನಂತಾರೆ ಅಂತ ನನ್ನನ್ನು ಕೇಳಿದಳು.

"ಈ ಮನೆ ಬಿಡಕ್ಕೆ ಬೇಜಾರಂತೆ" ಅಂದೆ.

ಅವಳ ಕಣ್ಣು ತುಂಬಿತು. ಬಗ್ಗಿ ಅಜ್ಜಿಯನ್ನು ತಬ್ಬಿಕೊಂಡಳು. ಅಜ್ಜಿ ಅವಳ ಬೆನ್ನು ಸವರುತ್ತಾ ನನಗೆ ಹೇಳಿದರು: "ಪಾಪ, ಒಳ್ಳೇ ಹುಡುಗಿ. ಬೇರೆ ಕಡೆ ಮನೆ ನೋಡ್ಕೊಳ್ಳಕ್ಕೆ ಹೇಳಮ್ಮ."