ಹುಕ್ಕೇರಿ ಹುಲಿ ಮತ್ತು ಭಾವನ ಸಂಜೆಯೂಟ

ನಮ್ಮ ಭಾವ ಜಗಳವಾಡದ ಮೊಬೈಲ್ ಫೋನು ಈ ಭೂಮಿಯ ಮೇಲೆ ಹುಟ್ಟಿರಲಿಲ್ಲ. ಯಾವುದರ ಬ್ಯಾಟರಿ ಸುಳ್ಳು, ಯಾವುದರ ಕ್ಯಾಮೆರಾ ಬರೀ ತೋರಿಕೆ, ಯಾವುದರ ಗುಂಡಿ ಆರು ತಿಂಗಳಿಗೆ ಹೂತುಹೋಗುತ್ತದೆ ಎಂದು ಅವರು ಬೆಂಗಳೂರು, ಪುಣೆ, ದುಬೈಗಳಲ್ಲಿ ಕುಳಿತ ಕನ್ನಡಿಗರ ಜೊತೆ ಇಂಟರ್‌ನೆಟ್ಟಿನಲ್ಲಿ ಯುದ್ಧವನ್ನೇ ಹೂಡಿದ್ದರು. ಒಂದೇ ಒಂದು ಕೊರತೆಯೆಂದರೆ, ಅವರ ಹತ್ತಿರ ಮೊಬೈಲ್ ಇರಲಿಲ್ಲ!

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಮೂಡಲಗಿಯ ಬಜಾರದಲ್ಲಿ ಅವರದು ಮಿಕ್ಸರ್, ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿಯ ಅಂಗಡಿ. ಎಷ್ಟು ದೊಡ್ಡದು ಎನ್ನುತ್ತೀರಾ? ಗಿರಾಕಿ ಒಳಗೆ ಹೋಗಬೇಕಾದರೆ ಭಾವ ಹೊರಗೆ ಬರಬೇಕು. ಒಂದೇ ಸ್ಟೂಲು. ಆ ಸ್ಟೂಲಿನ ಮೇಲೆ ಅವರನ್ನು ಬಿಟ್ಟು ಬೇರೆ ಯಾರೂ ಕುಳಿತದ್ದನ್ನು ನಾನು ಕಂಡಿರಲಿಲ್ಲ. ಆದರೂ ಗೋಡೆಯ ಮೊಳೆಗೆ ಒಂದು ಹಾಜರಿ ಪುಸ್ತಕ ನೇತಾಡುತ್ತಿತ್ತು. ದಿನವೂ ಬೆಳಿಗ್ಗೆ ಭಾವ ಅದರಲ್ಲಿ ತಮ್ಮದೇ ಸಹಿ ಹಾಕುತ್ತಿದ್ದರು. ಹತ್ತು ನಿಮಿಷ ತಡವಾದರೆ ತಮಗೆ ತಾವೇ ಕೆಂಪು ಶಾಯಿಯ ಗುರುತು!

ಒಮ್ಮೆ ನಮ್ಮ ಮನೆಯ ತೊಟ್ಟಿಲ ಕಾರ್ಯಕ್ಕೆ ಕರೆಯಲು ಹೋದಾಗ ಅವರು ರಜೆಯ ಅರ್ಜಿ ಬರೆಯುತ್ತಿದ್ದರು.

"ಅಲ್ರಿ ಭಾವಾ, ಮಾಲಕ ನೀವ, ಆಳೂ ನೀವ. ಅರ್ಜಿ ಯಾರಿಗೆ ಬರ್ಯಾಕತ್ತೀರಿ?"

"ಮಾಲಕ ಅನ್ನಾಂವ ಆಳಿನ ಮ್ಯಾಲ ನಂಬಿಕಿ ಇಡಬೇಕ್ರಿ ದಾಜಿ. ಆದ್ರ ಕಾಗದಾನೂ ಇರಬೇಕು." ತಂಗಿಯ ಗಂಡನೆಂದು ಅವರು ನನ್ನನ್ನು ದಾಜಿ ಎಂದೇ ಕರೆಯುತ್ತಿದ್ದರು.

"ರಜಾ ಮಂಜೂರಾತೇನ್ರಿ?"

ಭಾವ ಅರ್ಜಿಯನ್ನು ಇನ್ನೊಮ್ಮೆ ಓದಿ ತಲೆ ಅಲ್ಲಾಡಿಸಿದರು. "ಅರ್ಧಾ ದಿನಾ ಅಷ್ಟ. ಕೆಲಸಾ ಭಾಳ ಬಾಕಿ ಐತಿ."

ಇಂಥ ಶಿಸ್ತಿನ ಮನುಷ್ಯ ಎಷ್ಟೇ ಗಿರಾಕಿ ಇರಲಿ, ಹೊತ್ತು ಮುಳುಗುವ ಮುಂಚೆ ಶಟರ್ ಎಳೆದುಬಿಡುತ್ತಿದ್ದರು. ನಾವು ಜೈನರು. ನಮ್ಮಲ್ಲಿ ನೇಮದವರು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ, ಮರುದಿನ ಬೆಳಗಿನವರೆಗೆ ನೀರೂ ಇಲ್ಲ. ಭಾವ ಆ ನೇಮವನ್ನು ಒಂದು ದಿನವೂ ಮುರಿದವರಲ್ಲ. ನಾನು? ಏಳು ಗಂಟೆಗೆ ಕದ್ದು ಮಿರ್ಚಿ ಭಜಿ ತಿಂದು, ಮೀಸೆ ಒರೆಸಿಕೊಂಡು ಮನೆಗೆ ಹೋಗುವ ಜಾತಿ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಮೂಡಲಗಿಗೆ ಸೈಬರ್ ಕೆಫೆ ಬಂತು. ಪ್ಲೈವುಡ್ ಹಲಗೆಗಳ ನಡುವೆ ನಾಲ್ಕು ಕಂಪ್ಯೂಟರ್. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಜಗಳವಾಡುವ ಒಂದು ತಾಣವನ್ನು ಯಾರೋ ಭಾವನಿಗೆ ತೋರಿಸಿದರು. ಅಲ್ಲಿ ಎರಡೇ ವಿಷಯ. ಯಾವ ಸಾಮಾನು ಒಳ್ಳೆಯದು, ಯಾವ ಆಫೀಸು ಕೆಟ್ಟದ್ದು. ಭಾವ ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದರು. ಅವರ ಒಂದು ಸಾಲು ಮುಗಿಯುವುದರೊಳಗೆ ಆ ಕಡೆಯವರ ಹತ್ತು ಬೈಗುಳ ಬಂದು ಬೀಳುತ್ತಿದ್ದವು. ನಾನು ಮ್ಯಾಟ್ರಿಕ್ ಮುಗಿಸಿ, ಟೈಪಿಂಗ್ ಪರೀಕ್ಷೆ ಪಾಸು ಮಾಡಿ, ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು. ಹೀಗಾಗಿ ದಿನವೂ ನಾಲ್ಕೂವರೆಗೆ ಅವರು ಹೇಳುವುದು, ನಾನು ಟೈಪ್ ಮಾಡುವುದು ಎಂದಾಯಿತು.

ಭಾವ ಒಂದಕ್ಷರ ಸುಳ್ಳು ಹೇಳುತ್ತಿರಲಿಲ್ಲ. "ನಮ್ಮ ಸಂಸ್ಥೆದಾಗ ಹೊತ್ತ ಮುಳಗೂದರಾಗ ಎಲ್ಲಾರೂ ಮನಿಗೆ ಹೋಗ್ತಾರ, ಬರೀರಿ. ಒಬ್ಬಾಂವಗ ಜ್ವರಾ ಬಂದ್ರ ಇಡೀ ಸಂಸ್ಥೆಗೆ ಸೂಟಿ. ಮಾಲಕ ಇವತ್ತಿನತನಕ ಯಾರಿಗೂ ಬೈದಿಲ್ಲ." ಇದರಲ್ಲಿ ತಪ್ಪೆಲ್ಲಿದೆ ಹೇಳಿ? ಆದರೆ ಹನ್ನೆರಡು ತಾಸು ದುಡಿಯುವ ಬೆಂಗಳೂರಿನ ಹುಡುಗರು ಓದಿ ಕಣ್ಣೀರಿಟ್ಟರು. 'ಸರ್, ನಿಮ್ಮಲ್ಲಿ ಹುದ್ದೆ ಖಾಲಿ ಇದೆಯೇ?' ಎಂದು ಒಬ್ಬ ಕೇಳಿಯೇಬಿಟ್ಟ.

ಭಾವ ಗಂಭೀರವಾಗಿ ಹೇಳಿದರು, "ಸದ್ಯಕ್ಕ ಇಲ್ಲ. ಇನ್ನೊಂದ ಸ್ಟೂಲ್ ಇಲ್ಲ ಅಂತ ಬರೀರಿ."

ನಾನು 'ಸದ್ಯಕ್ಕೆ ಇಲ್ಲ' ಎಂದಷ್ಟೇ ಬರೆದೆ. ಅಂದಿನಿಂದ ಅವರು ಅಲ್ಲಿ 'ಸಾಹೇಬರು' ಆದರು. ಹೊಸ ಫೋನು ಕೊಳ್ಳುವ ಮುಂಚೆ ಜನ ಅವರನ್ನು ಕೇಳುತ್ತಿದ್ದರು, ಕೆಲಸ ಬಿಡುವ ಮುಂಚೆಯೂ ಕೇಳುತ್ತಿದ್ದರು. ನಾಲ್ಕು ಫೂಟಿನ ಅಂಗಡಿಯ ಮನುಷ್ಯ ಐದು ಗಂಟೆಗೆ ಕೆಫೆಯಿಂದ ಹೊರಗೆ ಬರುವಾಗ ಎದೆ ಎಂಟು ಫೂಟು!

ಇಷ್ಟರಲ್ಲಿ ನಾನು ಗೋಕಾಕಕ್ಕೆ ಹೋಗಿ ಒಂದು ಕಲರ್ ಮೊಬೈಲ್ ತಂದೆ. ಮೊದಲು ಭಾವನಿಗೆ ತೋರಿಸಬೇಕೆಂಬ ಹೆಮ್ಮೆ. ಅವರು ಕೈಯಲ್ಲಿ ತೂಗಿ ನೋಡಿದರು, "ಒಳಗ ಏನೈತಿ ನೋಡೂಣು" ಎಂದರು. ನಾನು ಬೇಡ ಎನ್ನುವುದರೊಳಗೆ ಫೋನು ಹದಿನಾಲ್ಕು ತುಂಡಾಗಿ ಮೇಜಿನ ಮೇಲೆ ಮಲಗಿತ್ತು! ಅರ್ಧ ತಾಸಿನಲ್ಲಿ ಮತ್ತೆ ಜೋಡಿಸಿದರು, ನಿಜ. ಆದರೆ ಒಂದು ಸ್ಕ್ರೂ ಉಳಿಯಿತು.

"ಇದೇನ್ರಿ ಭಾವಾ?"

"ಕಂಪನ್ಯಾವರು ಒಂದ ಹೆಚ್ಚಿಗಿ ಹಾಕಿದ್ರು."

ಫೋನು ಚೆನ್ನಾಗಿಯೇ ನಡೆಯಿತು. ನಡೆಯದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ! ಮನೆಗೆ ಬಂದು ಹೆಂಡತಿಗೆ ಹೇಳಿದರೆ, "ನಮ್ಮಣ್ಣಾ ಬಿಚ್ಚ್ಯಾನಂದ್ರ ಏನರೆ ಕಾರಣ ಇರಬೇಕ್ರಿ. ಅಂವಗ ಗೊತ್ತಿರೂದು ನಿಮಗೇನ ಗೊತ್ತು?" ಎಂದಳು. ಇಪ್ಪತ್ತು ವರ್ಷಗಳಿಂದ ಕೇಳಿದ ಮಾತು. ಅಂದು ಮಾತ್ರ ಸೀದಾ ಹೋಗಿ ಎದೆಗೆ ನಾಟಿತು.

ಮರುದಿನ ಅಡತಿಯ ಕೆಲಸಕ್ಕೆ ಗೋಕಾಕಕ್ಕೆ ಹೋದವನು ಅಲ್ಲಿನ ಸೈಬರ್ ಕೆಫೆಗೆ ನುಗ್ಗಿದೆ. ಅದೇ ತಾಣದಲ್ಲಿ 'ಹುಕ್ಕೇರಿ ಹುಲಿ' ಎಂಬ ಹೆಸರಿನಲ್ಲಿ ಹೊಸ ಅವತಾರ ಎತ್ತಿದೆ. ಹುಕ್ಕೇರಿ ಯಾಕೆ? ಅಲ್ಲಿ ನನಗೆ ಯಾರೂ ಪರಿಚಯದವರಿರಲಿಲ್ಲ, ಅದಕ್ಕೆ. ಹುಲಿ ಯಾಕೆ? ಮನೆಯಲ್ಲಿ ಹಾಗಿರಲಿಲ್ಲ, ಅದಕ್ಕೆ!

ಮುಂದಿನದು ದೊಡ್ಡ ತಮಾಷೆ. ಗೋಕಾಕದಲ್ಲಿ ಹುಲಿಯಾಗಿ ಭಾವನನ್ನು ಬೈಯುವುದು, ಮೂಡಲಗಿಯಲ್ಲಿ ದಾಜಿಯಾಗಿ ಭಾವನ ಪಕ್ಕ ಕುಳಿತು ಹುಲಿಯನ್ನು ಬೈಯುವುದು. "ಈ ಹುಲಿ ಅನ್ನಾಂವಗ ಬ್ಯಾಟರಿ ಅಂದ್ರೇನು ಬೆಂಡಿಕಾಯಿ ಅಂದ್ರೇನು ಗೊತ್ತಿಲ್ಲ, ಬರೀರಿ!" ಎಂದು ಅವರು ಗುಡುಗುತ್ತಿದ್ದರು. ನನ್ನ ಬೈಗುಳವನ್ನು ನಾನೇ ಒಂದಕ್ಷರ ತಪ್ಪಿಲ್ಲದೆ ಟೈಪ್ ಮಾಡುತ್ತಿದ್ದೆ. ಪರೀಕ್ಷೆ ಪಾಸಾದದ್ದು ಸಾರ್ಥಕವಾಯಿತು!

ಅಲ್ಲಿಗೇ ನಿಲ್ಲಿಸಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಬ್ಯಾಟರಿಯನ್ನು ರಾತ್ರಿಯೆಲ್ಲ ಚಾರ್ಜಿಗಿಡಬೇಕೇ ಬೇಡವೇ ಎಂಬ ವಾದದಲ್ಲಿ ಹುಲಿ ಸೋಲತೊಡಗಿತು. ಎಲ್ಲರೂ ಸಾಹೇಬರ ಕಡೆ. ಸಿಟ್ಟಿನಲ್ಲಿ ಹುಲಿ ಬರೆಯಿತು: 'ಈ ಸಾಹೇಬರಿಗೆ ಆಫೀಸೂ ಇಲ್ಲ, ಆಳೂ ಇಲ್ಲ. ಮೂಡಲಗಿಯಲ್ಲಿ ನಾಲ್ಕು ಫೂಟಿನ ಡಬ್ಬಿಯಲ್ಲಿ ಕುಳಿತು ಮಿಕ್ಸರ್ ರಿಪೇರಿ ಮಾಡುತ್ತಾರೆ. ಅವರ ಹತ್ತಿರ ಮೊಬೈಲೇ ಇಲ್ಲ.'

ಸಂಜೆ ಅದನ್ನು ಭಾವನಿಗೆ ಓದಿ ಹೇಳಬೇಕಾದವನೂ ನಾನೇ. ಓದಿದೆ. ಅದರ ಕೆಳಗೆ ಸಾಲುಸಾಲಾಗಿ ನಗು. 'ಮಿಕ್ಸರ್ ಸಾಹೇಬರಿಗೆ ನಮಸ್ಕಾರ' ಎಂದಿದ್ದ, ಹಿಂದೆ ಹುದ್ದೆ ಕೇಳಿದ ಹುಡುಗ. ಭಾವ ಅದನ್ನು ಮತ್ತೆ ಮತ್ತೆ ಓದಿಸಿದರು, ಹೊತ್ತು ಹೋದದ್ದೇ ತಿಳಿಯಲಿಲ್ಲ. "ಬರೀರಿ ದಾಜಿ. ಅಂಗಡಿ ನಾಕ ಫೂಟ ಐತಿ. ಫೋನಿಲ್ಲ. ಆದ್ರ ಹೇಳಿದ್ದೆಲ್ಲಾ ಖರೆ ಐತಿ." ಅಷ್ಟು ಹೇಳಿ ಎದ್ದರು. ಹೊರಗೆ ಬಂದಾಗ ಬೀದಿ ದೀಪ ಹತ್ತಿದ್ದವು. ಅಂದು ಅವರು ಉಣ್ಣಲಿಲ್ಲ.

ಮೂರು ದಿನ ಅಂಗಡಿ ತೆರೆಯಲಿಲ್ಲ. ಅರ್ಜಿಯೂ ಇಲ್ಲ! "ಅಣ್ಣಾಗ ಏನಾಗೇತ್ರಿ? ನೀವರೆ ಹೋಗಿ ಕೇಳ್ರಿ" ಎಂದು ಹೆಂಡತಿ ನನ್ನನ್ನೇ ಕಳಿಸಿದಳು.

ನಾಲ್ಕನೆಯ ದಿನ ತೆರೆದಾಗ ಭಾವ ಪತ್ತೇದಾರರಾಗಿದ್ದರು. ಅಂಗಡಿಯ ಅಳತೆ ಗೊತ್ತಿದೆ ಎಂದ ಮೇಲೆ ಹುಲಿ ತಮ್ಮ ಗಿರಾಕಿಯೇ ಎಂಬುದು ಅವರ ತರ್ಕ. ಹುಕ್ಕೇರಿ ಕಡೆಯವರು ಯಾರೇ ಬರಲಿ, ಮಿಕ್ಸರ್ ಮುಟ್ಟುವ ಮುಂಚೆ ವಿಚಾರಣೆ.

"ಕಂಪ್ಯೂಟರ್ ಬರ್ತೈತೇನ್ರಿ ನಿಮಗ?"

"ಇಲ್ರಿ ಸಾವಕಾರ. ನನಗ ಈ ಮಿಕ್ಸರನೂ ಬರಂಗಿಲ್ಲ, ನಮ್ಮ ಮನ್ಯಾಕಿ ಕಳಿಸ್ಯಾಳ."

"ಬ್ಯಾಟರಿ ರಾತ್ರಿಯೆಲ್ಲಾ ಚಾರ್ಜ್ ಇಡಬೇಕೋ, ಬ್ಯಾಡೋ?"

"ನಾ ಮಿಕ್ಸರ್ ತಂದೇನ್ರಿ!"

ಕೊನೆಗೆ ಆ ಮನುಷ್ಯ ಮಿಕ್ಸರನ್ನು ಬಗಲಲ್ಲಿ ಅವುಚಿಕೊಂಡು ಪಕ್ಕದ ಊರು ಕಲ್ಲೋಳಿಗೆ ಓಡಿದನೆಂದು ಸುದ್ದಿ. ನಾನು ನಗಬೇಕಿತ್ತು. ನಗು ಬರಲಿಲ್ಲ.

ಆಮೇಲೆ ಕ್ಷಮಾವಾಣಿ ಬಂತು. ದಶಲಕ್ಷಣ ಪರ್ವದ ಹತ್ತು ದಿನ ಮುಗಿದ ಮೇಲೆ ನಮ್ಮಲ್ಲಿ ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೆ ಕೈಜೋಡಿಸಿ, 'ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದರೆ ಕ್ಷಮಿಸಿ' ಎಂದು ಕೇಳುವ ದಿನ. ಬಸದಿಯಲ್ಲಿ ನಾನೂ ಭಾವನಿಗೆ ಕೈಮುಗಿದೆ. ಹುಲಿಯನ್ನು 'ಗೊತ್ತಿಲ್ಲದೆ'ಯ ಲೆಕ್ಕದಲ್ಲಿ ತೂರಿಸಿಬಿಟ್ಟೆ!

ಸಂಜೆ ನಾಲ್ಕಕ್ಕೆ ಭಾವ ಒಂದು ಹಾಳೆ ಹಿಡಿದು ಕೆಫೆಗೆ ಬಂದರು. ಅದರಲ್ಲಿ ತಾವು ಇಂಟರ್‌ನೆಟ್ಟಿನಲ್ಲಿ ಜಗಳವಾಡಿದ ನಲವತ್ತು ಜನರ ಹೆಸರು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕ್ಷಮೆ ಕೇಳಿಸಿದರು. ನಕ್ಕವರಿಗೂ. ಕೊನೆಯ ಹೆಸರು ಹುಲಿಯದು.

"ಬರೀರಿ. ಹುಲಿಯವರ, ನೀವು ಬರದದ್ದು ಸುಳ್ಳಲ್ಲ. ನನಗ ಸಿಟ್ಟ ಬಂದದ್ದು ನನ್ನ ತಪ್ಪು. ನಿಮ್ಮೂರಾವರ ಮ್ಯಾಲೆಲ್ಲಾ ಸಂಶೇ ಪಟ್ಟೆ. ದೊಡ್ಡ ಮನಸ ಮಾಡಿ ಕ್ಷಮಾ ಮಾಡ್ರಿ."

ನನ್ನ ಬೆರಳು ಮೊದಲ ಸಲ ತಪ್ಪು ಅಕ್ಷರ ಒತ್ತಿದವು. ಹೇಗೋ ಕಳಿಸಿದೆ. "ಆತ್ರಿ ಭಾವಾ, ಏಳ್ರಿ. ಹೊತ್ತಾಗಾಕತ್ತೈತಿ."

"ಇಲ್ರಿ. ಉಳದಾವರ ಜೋಡಿ ಬರೇ ಮಾತಿನ ಜಗಳ. ಇವನ ಮ್ಯಾಲ ನಾ ಖರೇನ ದ್ವೇಷಾ ಇಟಗೊಂಡಿದ್ದೆ. ಇಂವಾ ಹೂಂ ಅನ್ನೂತನಕ ನಾ ಉಣ್ಣಂಗಿಲ್ಲ."

ಹತ್ತು ದಿನ ಒಪ್ಪತ್ತು ಉಂಡ ದೇಹ. ಕೆನ್ನೆ ಒಳಗೆ ಹೋಗಿತ್ತು. ಕಿಟಕಿಯಲ್ಲಿ ಸೂರ್ಯ ಎದುರಿನ ಬಟ್ಟೆ ಅಂಗಡಿಯ ಬೋರ್ಡಿನಿಂದ ಕೆಳಗೆ ಇಳಿಯುತ್ತಿದ್ದ. ಭಾವ ಪರದೆಯನ್ನೇ ನೋಡುತ್ತ ಕುಳಿತಿದ್ದರು. ಉತ್ತರ ಹೇಗೆ ಬರಬೇಕು? ಉತ್ತರ ಬರೆಯಬೇಕಾದವನು ಅವರ ಪಕ್ಕದಲ್ಲೇ ಬೆವರುತ್ತಿದ್ದನಲ್ಲ!

"ಫೋನ್ ಬಂತ್ರಿ" ಎಂದು ಸದ್ದೇ ಮಾಡದ ಮೊಬೈಲನ್ನು ಕಿವಿಗಿಟ್ಟುಕೊಂಡು ಎದ್ದೆ. ಹಲಗೆಯ ಆಚೆ, ಮೂಲೆಯ ಕಂಪ್ಯೂಟರಿನಲ್ಲಿ ಹುಲಿಯಾಗಿ ಬರೆದೆ: 'ಕ್ಷಮಿಸಿದ್ದೇನೆ. ಹೊತ್ತು ಮುಳುಗುವುದರೊಳಗೆ ಊಟ ಮಾಡಿ.'

ಮರಳಿ ಬಂದಾಗ ಭಾವನ ಕಣ್ಣು ತುಂಬಿತ್ತು. "ನೋಡ್ರಿ ದಾಜಿ, ಊಟಾ ಮಾಡ್ರಿ ಅಂದಾನ. ನಮ್ಮ ಪೈಕೀನ ಇರಬೇಕು. ಭಾಳ ಒಳ್ಳೇ ಮನಷ್ಯಾ!" ಎಂದವರೇ ಚಪ್ಪಲಿ ಸಿಕ್ಕಿಸಿಕೊಂಡು ಮನೆಗೆ ಓಡಿದರು.

ತಪ್ಪು ಮಾಡಿದವನು ನಾನು. ಕ್ಷಮೆ ಕೇಳಿದವರು ಅವರು. ದೊಡ್ಡ ಮನುಷ್ಯನ ಹಾಗೆ ಕ್ಷಮಿಸಿದವನೂ ನಾನೇ! ಇದಕ್ಕಿಂತ ನಾಚಿಕೆಗೇಡಿನ ಕೆಲಸವನ್ನು ನಾನು ಈ ಜನ್ಮದಲ್ಲಿ ಮಾಡಿಲ್ಲ. ಹುಲಿ ಮತ್ತೆ ಆ ತಾಣದಲ್ಲಿ ಬಾಯಿ ತೆರೆಯಲಿಲ್ಲ. ಮುಂದಿನ ಎರಡು ಕ್ಷಮಾವಾಣಿಗಳಲ್ಲಿ ನಾನು ಕೈಮುಗಿದೆ, ಬಾಯಿ ಬಿಡಲಿಲ್ಲ.

ಮೂರನೆಯ ವರ್ಷ ಬಸದಿಗೆ ಹೋಗುವ ಬದಲು ಸಂಜೆ ಅಂಗಡಿಗೇ ಹೋದೆ. ಭಾವ ಬೆಸುಗೆ ಕಡ್ಡಿ ಹಿಡಿದು ಒಂದು ರೇಡಿಯೊದ ಮೇಲೆ ಬಾಗಿದ್ದರು.

"ಭಾವಾ, ಕ್ಷಮಾ ಮಾಡ್ರಿ. ಗೊತ್ತಿಲ್ಲದಲ್ಲ, ಗೊತ್ತಿದ್ದ ಮಾಡೇನಿ. ಹುಕ್ಕೇರಿ ಹುಲಿ ನಾನರಿ."

ಎಲ್ಲ ಹೇಳಿದೆ. ಗೋಕಾಕದ್ದು, ನಾಲ್ಕು ಫೂಟಿನದು, ಮೂಲೆಯ ಕಂಪ್ಯೂಟರಿನದು. ಅವರು ಕಡ್ಡಿಯನ್ನು ಕೆಳಗಿಟ್ಟು, ಅದರ ತಂತಿ ಕಿತ್ತರು. ಆಮೇಲೆ ಎದ್ದು ಹೊರಗೆ ಬಂದರು. ನನ್ನ ತೋಳು ಹಿಡಿದು ಒಳಗೆ ಸ್ಟೂಲಿನ ಮೇಲೆ ಕೂರಿಸಿದರು. ತಾವು ಬೀದಿಯಲ್ಲಿ ನಿಂತರು.

"ಆ ಬ್ಯಾಟರಿ ವಿಚಾರಾನೂ ನೀವ ಬರದಿದ್ರ್ಯಾ?"

"ಹೌದ್ರಿ."

"ಅದು ತಪ್ಪೈತಿ. ಈಗೂ ತಪ್ಪೈತಿ."

"ತಪ್ಪರಿ ಭಾವಾ."

ಅವರು ಬೀದಿಯ ಕಡೆ ನೋಡಿದರು. "ಅಂದ ಸಂಜಿಕ ಫೋನ್ ಬಂತಂತ ಎದ್ದ ಹೋದ್ರೆಲಾ... ನನ್ನ ಊಟಾ ತಪ್ಪಬಾರದಂತ ಹೋಗಿದ್ರ್ಯಾ?"

ಹೌದೆಂದು ತಲೆ ಆಡಿಸಿದೆ.

"ಇನ್ನೂ ಹೊತ್ತೈತಿ, ಏಳ್ರಿ" ಎಂದರು. "ಇವತ್ತರೆ ನನ್ನ ಬಾಜೂಕ ಕುಂತು, ಬೆಳಕಿರತ್ಲೆ ಎರಡ ರೊಟ್ಟಿ ಉಣ್ಣ್ರಿ."

ಶಟರ್ ಎಳೆದರು. ಇನ್ನೂ ಒಂದು ತಾಸಿನ ಕೆಲಸ ಬಾಕಿಯಿತ್ತು. ಹಾಜರಿ ಪುಸ್ತಕ ಒಳಗೇ ನೇತಾಡುತ್ತಿತ್ತು.

"ಭಾವಾ, ಅರ್ಜಿ ಬರೀಲಿಲ್ರಿ?"

"ಇರ್ಲಿ ಬರ್ರಿ" ಎಂದು ನನ್ನ ಹೆಗಲ ಮೇಲೆ ಕೈ ಹಾಕಿದರು. "ಮಾಲಕಗ ನಾ ಹೇಳ್ತೇನಿ."