ಮೈಮೇಲೆ ಬಂದ ಸ್ಪ್ಯಾನಿಷ್

ನಾನು ಹೊಸದಾಗಿ ಏನೇ ಕಲಿಯೋಕೆ ಹೋದ್ರೂ ಊರಲ್ಲಿ ಒಂದು ರಾದ್ಧಾಂತ ಆಗೇ ಆಗುತ್ತೆ. ಸ್ಕೂಟರ್ ಕಲಿಯೋಕೆ ಹೋಗಿ ಬೀದಿ ನಲ್ಲಿ ಮುರಿದವಳು ನಾನು. ಆದ್ರೆ ಸ್ಪ್ಯಾನಿಷ್ ಕಲಿತ ಆ ಹದಿನೈದು ದಿನ ನೆನೆಸ್ಕೊಂಡ್ರೆ ನಗುನೂ ಬರುತ್ತೆ, ಮೈ ಜುಂ ಅಂತಲೂ ಅನ್ಸುತ್ತೆ.

ಸೋಲದೇವನಹಳ್ಳಿಯಲ್ಲಿ ನಮ್ಮನೆ ಮೇಲಿನ ರೂಮಿಗೆ ನರ್ಸಿಂಗ್ ಓದೋ ಹುಡುಗಿಯೊಬ್ಬಳು ಹಾಸ್ಟೆಲ್ ಬಿಟ್ಟು ಬಾಡಿಗೆಗೆ ಬಂದಿದ್ಲು. ಅವಳ ದೇಶ ಆಫ್ರಿಕಾದ ಈಕ್ವಟೋರಿಯಲ್ ಗಿನಿ. ಅಲ್ಲಿ ಸ್ಪ್ಯಾನಿಷ್ ಮಾತಾಡ್ತಾರಂತೆ, ನಂಗೇನ್ ಗೊತ್ತು! ಇಲ್ಲಿಗೆ ಬಂದು ಎರಡು ವರ್ಷ ಆಗಿದ್ರಿಂದ ಕನ್ನಡ ಚೆನ್ನಾಗೇ ಹಿಡಿದಿದ್ಲು. ನಂಗೆ ಹೆಣ್ಣುಮಕ್ಕಳಿಲ್ಲ. ಅವಳು ಬಂದ ಮೇಲೆ ಮನೆ ತುಂಬಿದಂಗಾಗಿತ್ತು.

ಒಂದಿನ ಅಳ್ತಾ ಕೆಳಗೆ ಬಂದ್ಲು. "ಆಂಟಿ, ಯಾರ ಮನೆಯೋ ಏನೋ, ವಾಪಸ್ ಹಾಸ್ಟೆಲ್‌ಗೆ ಹೋಗು ಅಂತಿದಾರೆ ಅಮ್ಮ." ಅವರಮ್ಮನಿಗೆ ಸ್ಪ್ಯಾನಿಷ್ ಬಿಟ್ರೆ ನಮಗೆ ಅರ್ಥ ಆಗೋ ಯಾವ ಭಾಷೆನೂ ಬರಲ್ಲ. "ಹದಿನೈದು ದಿನ ಟೈಮ್ ಕೇಳು, ವಿಡಿಯೋ ಕಾಲಲ್ಲಿ ಅವರ ಭಾಷೇಲೇ ನಾನು ಮಾತಾಡ್ತೀನಿ" ಅಂದ್ಬಿಟ್ಟೆ. ಮನೇಲಿ ಯಾರ್ಯಾರಿದ್ದೀವಿ, ಏನೇನು ಸಾಕಿದ್ದೀವಿ ಅಂತ ಹೇಳಿದ್ರೆ ಸಾಕು, ಯಾವ ತಾಯಿಗಾದ್ರೂ ಧೈರ್ಯ ಬರುತ್ತೆ. ಹುಡುಗೀನೇ ನನಗೆ ಮೇಷ್ಟ್ರಾದ್ಲು.

೧. ಬೇವಿನ ಸೊಪ್ಪು

ಅವತ್ತು ಅಮಾವಾಸ್ಯೆ ಅನ್ನೋದು ನನಗೆ ಮರೆತೇ ಹೋಗಿತ್ತು. ತಲೆಗೆ ನೀರು ಹಾಕ್ಕೊಂಡು, ಕೂದಲು ಬಿಟ್ಕೊಂಡು, ಮಟಮಟ ಮಧ್ಯಾಹ್ನ ಹಿತ್ತಲಿನ ಹೊಂಗೆ ಮರದ ಕೆಳಗೆ ಕೂತೆ. ಕಣ್ಣು ಮುಚ್ಚಿ ತೂಗಾಡ್ತಾ ಪಾಠ ಬಾಯಿಪಾಠ ಮಾಡ್ತಿದ್ದೆ. "ತೆಂಗೊ ಉನ್ ಪೆರ್ರೊ. ತೆಂಗೊ ದೋಸ್ ಗಾತೋಸ್." ನಂಗೊಂದು ನಾಯಿ ಇದೆ, ಎರಡು ಬೆಕ್ಕಿದೆ ಅಂತ ಅರ್ಥ.

ಪಕ್ಕದ ಮನೇಲಿರೋ ನಮ್ಮ ಓರಗಿತ್ತಿ ಕಾಂಪೌಂಡ್ ಮೇಲಿಂದ ಇದನ್ನ ನೋಡಿದಾರೆ. ಎರಡು ನಿಮಿಷದಲ್ಲಿ ಬೇವಿನ ಸೊಪ್ಪು ಹಿಡ್ಕೊಂಡು ಹಾಜರು.

"ಯಾರು ನೀನು? ನಿಜ ಯೋಳು!"

ನಂಗೆ ಖುಷಿಯಾಯ್ತು. ಪಾಠದ ಮೊದಲನೇ ಪ್ರಶ್ನೇನೂ ಅದೇ! ಪಾಪ, ಅಕ್ಕ ನನಗೆ ಅಭ್ಯಾಸ ಮಾಡಿಸೋಕೆ ಬಂದಿದಾರೆ ಅಂದ್ಕೊಂಡು ನಗ್ತಾ ಸ್ಪ್ಯಾನಿಷಲ್ಲೇ ಹೆಸರು ಹೇಳಿದೆ. ಚಟೀರ್ ಅಂತ ಸೊಪ್ಪಿನ ಏಟು ಬಿತ್ತು.

"ಯಾವೂರು ನಿಂದು?"

ಅದು ಎರಡನೇ ಪ್ರಶ್ನೆ. "ಸೋಲದೇವನಹಳ್ಳಿ" ಅಂದೆ.

"ಅಯ್ಯಯ್ಯೋ, ನಮ್ಮೂರ್ದೇ!" ಅಂತ ಅವರು ಎರಡು ಹೆಜ್ಜೆ ಹಿಂದೆ ಹೋದ್ರು. "ನಿನ್ ಜೊತೇಲಿ ಯಾರ್ಯಾರವ್ರೆ?"

"ಉನ್ ಪೆರ್ರೊ, ದೋಸ್ ಗಾತೋಸ್."

ಮತ್ತೆರಡು ಏಟು. ಮೂರನೇದಕ್ಕೆ ನಾನು ಕನ್ನಡದಲ್ಲೇ ಬೈದೆ. ಆಮೇಲೆ ಕೂರಿಸಿ, ನೀರು ಕೊಟ್ಟು, ಎಲ್ಲಾ ವಿವರಿಸಿದ್ದಾಯ್ತು. "ಅಲ್ಲಾ ಅಕ್ಕ, ನನ್ನ ಮೈಮೇಲೆ ದೆವ್ವಾನೇ ಬಂದಿದೆ ಅಂತ ಹೆಂಗ್ ಗ್ಯಾರಂಟಿ ಮಾಡ್ಕೊಂಡ್ರಿ?" ಅಂದೆ.

"ನೀನು ಮದ್ವೆಯಾಗಿ ಬಂದು ಇಪ್ಪತ್ತೆಂಟು ವರ್ಸ ಆಯ್ತು. ನಾನ್ ಕೇಳಿದ್ದಕ್ಕೆ ನಗ್ತಾ ಉತ್ತರ ಕೊಟ್ಟಿದ್ದು ಇವತ್ತೇ ಮೊದ್ಲು" ಅಂದ್ರು.

೨. ಫೋನಲ್ಲಿದ್ದ ಉಸಿರು

ತಪ್ಪು ತಿದ್ದೋಕೆ ಸುಲಭ ಅಂತ ಹುಡುಗಿ ನನ್ನ ಮಾತನ್ನ ರೆಕಾರ್ಡ್ ಮಾಡೋಕೆ ಶುರು ಮಾಡಿದ್ಲು. ಮೇಲೆ ಅವಳ ರೂಮಲ್ಲಿ ಫೋನನ್ನ ಕಿಟಕಿ ಕಟ್ಟೆ ಮೇಲಿಟ್ಟು, ಇವರು ನನ್ನ ಗಂಡ, ಇವನು ನನ್ನ ಮಗ ಅಂತ ಸ್ಪ್ಯಾನಿಷಲ್ಲಿ ಒಪ್ಪಿಸಿದೆ. ಕೇಳಿ ನೋಡಿದ್ರೆ, ನನ್ನ ಒಂದೊಂದು ವಾಕ್ಯ ಮುಗಿದ ಮೇಲೂ ಉದ್ದಕ್ಕೆ ಒಂದು ಉಸಿರು. ಹೂಂ... ಉಸ್ಸ್... ಯಾರೋ ಪಕ್ಕದಲ್ಲೇ ಕೂತು ಕೇಳಿಸ್ಕೊಳ್ತಿರೋ ಹಂಗೆ.

"ಆಂಟಿ, ರೂಮಲ್ಲಿ ಇದ್ದಿದ್ದು ನಾವಿಬ್ರೇ" ಅಂದ್ಲು ಹುಡುಗಿ, ನನ್ನ ಕೈ ಹಿಡ್ಕೊಂಡು. ನಾಯಿ ನೋಡಿದ್ರೆ ಗೇಟ್ ಹತ್ರ ಕಟ್ಟಿದೆ. ಇಬ್ರೂ ಉಸಿರು ಬಿಗಿಹಿಡಿದು ಕಿಟಕಿಯಿಂದ ಬಗ್ಗಿ ನೋಡಿದ್ವಿ. ಕೆಳಗೆ ಜಗಲಿ ಮೇಲೆ ನಮ್ಮೆಜಮಾನ್ರು, ಊಟ ಮಾಡಿ ಅಂಗಾತ ಮಲಗಿದ್ರು.

ಎಬ್ಬಿಸಿ ಕೇಳಿಸಿದ್ವಿ. ಅವರೇ ಬೆಚ್ಚಿಬಿದ್ರು. "ಇಂಗಾ ಬರ್ತದೆ ನನ್ ಉಸ್ರು? ಇಷ್ಟ್ ವರ್ಸ ನೀನು ಯೋಳೇ ಇಲ್ವಲ್ಲೇ!"

"ನಾನು ದೆವ್ವ ಅಂದ್ಕೊಂಡು ಹೊಂದ್ಕೊಂಡಿದ್ದೆ ಕಣ್ರೀ" ಅಂದೆ.

೩. ಮನೆಗೆ ದೊಡ್ಡವರು

ಹದಿನೈದು ದಿನದ ಗಡುವು ಮುಗಿದು ಭಾನುವಾರ ಬಂತು. ಕಾಲ್ ಹಚ್ಚಿದ್ರೆ ಅವರಮ್ಮ ಗಂಟುಮುಖ ಹಾಕ್ಕೊಂಡು ಕೂತಿದಾರೆ. ಇವತ್ತು ನಾನು ತಪ್ಪಿದ್ರೆ ನಾಳೆ ಹುಡುಗಿ ಗಂಟುಮೂಟೆ ಕಟ್ಟಬೇಕು.

ಮನೇಲಿ ಯಾರ್ಯಾರಿದ್ದೀರಿ ಅಂತ ಕೇಳಿದ್ರು. ಹೊಸಬರಿಗೆ ಮೊದಲು ಹಿರಿಯರನ್ನ ತೋರಿಸೋದು ನಮ್ಮನೆ ಪದ್ಧತಿ. ಫೋನನ್ನ ಗೋಡೆ ಕಡೆ ತಿರುಗಿಸಿ, ಹಾರ ಹಾಕಿದ ಫೋಟೋ ತೋರಿಸಿ, "ಎಸ್ತಾ ಎಸ್ ಮಿ ಸುವೇಗ್ರಾ" ಅಂದೆ. ಇವರು ನಮ್ಮತ್ತೆ ಅಂತ.

"ಎಲ್ಲಿದಾರೆ?"

"ಇಲ್ಲೇ" ಅಂದೆ ಅವರ ಭಾಷೇಲಿ.

"ಹೇಗಿದಾರೆ?"

"ತುಂಬಾ ಚೆನ್ನಾಗಿದಾರೆ."

ಹುಡುಗಿ ಸೊಂಟ ತಿವಿದ್ಲು. "ಆಂಟಿ, ಅವರು ಹೋಗಿ ಒಂಬತ್ತು ವರ್ಷ ಆಯ್ತು ಅಂತ ನೀವೇ ಹೇಳಿದ್ರಿ!" ಏನ್ಮಾಡ್ಲಿ, ಸತ್ತೋರ ಪಾಠ ಇನ್ನೂ ಬಂದಿರ್ಲಿಲ್ಲ.

ಅವರಮ್ಮ ಹಾರ ನೋಡಿದ್ರು, ಕುಂಕುಮ ನೋಡಿದ್ರು. ಕೆಟ್ಟೆ ಅಂದ್ಕೊಂಡೆ. ಆಮೇಲೆ ಮಗಳ ಹತ್ರ ಮೆಲ್ಲಗೆ ಏನೋ ಕೇಳಿದ್ರು. "ಅವರು ನಿಜವಾಗ್ಲೂ ಮನೇಲಿದಾರಾ ಅಂತ ಕೇಳ್ತಿದಾರೆ" ಅಂದ್ಲು ಹುಡುಗಿ.

"ಇದಾರೆ ಅಂತ ಹೇಳು. ಪಿತೃಪಕ್ಷಕ್ಕೆ ಎಡೆ ಇಡ್ತೀವಿ. ಏನೇ ಶುಭಕಾರ್ಯ ಇದ್ರೂ ಮೊದಲು ಅವರಿಗೇ ಹೇಳೋದು."

ಆಯಮ್ಮ ಶಿಲುಬೆ ಗುರುತು ಹಾಕ್ಕೊಂಡ್ರು. ಫೋನನ್ನ ಫೋಟೋ ಹತ್ರ ಹಿಡಿಸಿ, ನಮ್ಮತ್ತೆ ಜೊತೆ ಅರ್ಧ ನಿಮಿಷ ಮಾತಾಡಿದ್ರು. ನಾನು ಹುಡುಗಿ ಮುಖ ನೋಡಿದೆ.

"'ಇವಳು ಸೋಮಾರಿ, ಬೆಳಿಗ್ಗೆ ಏಳಲ್ಲ, ನೀವೇ ಎಬ್ಬಿಸ್ಬೇಕು ಅಮ್ಮ' ಅಂದ್ರು" ಅಂದ್ಲು. "ಹಿರಿಯರು ಕಾಯೋ ಮನೆ, ಹಾಸ್ಟೆಲ್ ಬೇಡವಂತೆ." ಇಬ್ರೂ ತಬ್ಕೊಂಡು ಅತ್ತುಬಿಟ್ವಿ.

ಮಾರನೇ ದಿನ ಬೆಳಿಗ್ಗೆ ಆರು ಗಂಟೆ. ಹಾಲಿನ ಪ್ಯಾಕೆಟ್ ತಗೊಂಡು ಗೇಟ್ ತೆಗೀತಿದ್ದೀನಿ, ಹುಡುಗಿ ಬರಿಗಾಲಲ್ಲಿ ಮೆಟ್ಟಿಲು ಇಳಿದು ಬಂದ್ಲು.

"ಆಂಟಿ, ಯಾಕೆ ನನ್ನ ಬಾಗಿಲು ಬಡಿದ್ರಿ?"

"ನಾನೆಲ್ಲಿ ಬಡಿದೆ? ಈಗ ತಾನೇ ಅಂಗಡಿಯಿಂದ ಬರ್ತಿದ್ದೀನಿ." ಒಳಗಿಂದ ಯಜಮಾನ್ರ ಉಸಿರು ಕೇಳ್ತಾನೇ ಇತ್ತು, ಮಗ ನೈಟ್ ಡ್ಯೂಟಿಯಿಂದ ಇನ್ನೂ ಬಂದಿರ್ಲಿಲ್ಲ. ನನ್ನ ಕೈಲಿದ್ದ ಹಾಲು ಇನ್ನೂ ತಣ್ಣಗಾದಂಗಾಯ್ತು. "ಎಷ್ಟು ಸಲ ಬಡಿದ್ರು?"

"ಮೂರು ಸಲ. ನಾನು ನಿದ್ದೆಗಣ್ಣಲ್ಲಿ ನಮ್ಮ ಭಾಷೇಲಿ 'ಇನ್ನೈದು ನಿಮಿಷ' ಅಂದೆ. ಮತ್ತೆ ಬಡಿದ್ರು ಆಂಟಿ, ಇನ್ನೂ ಜೋರಾಗಿ! ನಿಮ್ಮತ್ತೆಗೆ ಸ್ಪ್ಯಾನಿಷ್ ಅರ್ಥ ಆಗಲ್ವಾ?"

"ನಿಮ್ಮಮ್ಮ ಎಬ್ಬಿಸಿ ಅಂದಿದ್ದು ಅರ್ಥ ಆಗಿದೆಯಲ್ಲ! ಆದ್ರೆ 'ಇನ್ನೈದು ನಿಮಿಷ' ಅನ್ನೋದು ಅವರಿಗೆ ಯಾವ ಭಾಷೇಲೂ ಅರ್ಥ ಆಗಲ್ಲ ಕಣಮ್ಮ" ಅಂದೆ. "ಹತ್ತೊಂಬತ್ತು ವರ್ಷ ನಾನು ಕನ್ನಡದಲ್ಲೇ ಹೇಳಿ ನೋಡಿದ್ದೀನಿ."